ಎರಡು ರೌಟರ್ ಇಟ್ಟರೆ ಮುಗೀತಾ?

ನಮ್ಮ ಲ್ಯಾಬ್ ರೆಕಾರ್ಡುಗಳಲ್ಲಿ ಓಎಸ್‌ಪಿಎಫ್ ಡಿಸೈನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಮಧ್ಯದಲ್ಲಿ ಏರಿಯಾ 0, ಪಕ್ಕದಲ್ಲಿ ಏರಿಯಾ 1, ಗಡಿಯಲ್ಲಿ ಎರಡು ರೌಟರ್. ಒಂದು ಹೋದ್ರೆ ಇನ್ನೊಂದಿದೆ, ರಿಡಂಡೆನ್ಸಿ ಆಯ್ತು. ಪಿಂಗ್ ಬರುತ್ತೆ, ಸ್ಕ್ರೀನ್‌ಶಾಟ್ ಅಂಟಿಸ್ತೀವಿ, ಸಹಿ ಬೀಳುತ್ತೆ. ನನ್ನ ಪ್ರಕಾರ ಆ ಚಿತ್ರಕ್ಕೆ ಪೂರ್ತಿ ಮಾರ್ಕ್ಸ್ ಕೊಡಬಾರದು. ಆ ಎರಡು ರೌಟರ್‌ಗಳ ನಡುವೆ ಕೇಬಲ್ ಇದೆಯಾ, ಇದ್ದರೆ ಯಾವ ಏರಿಯಾದಲ್ಲಿದೆ ಅಂತ ಯಾರೂ ಕೇಳಿರೋದಿಲ್ಲ.

ಬೇರೆ ಬ್ರಾಂಚಿನವರಿಗೆ ಸ್ವಲ್ಪ ಹಿನ್ನೆಲೆ. ಓಎಸ್‌ಪಿಎಫ್‌ನಲ್ಲಿ ಪ್ರತಿ ರೌಟರ್ ಹತ್ತಿರವೂ ತನ್ನ ಏರಿಯಾದ ಪೂರ್ತಿ ನಕ್ಷೆ ಇರುತ್ತೆ. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಅಲ್ಗಾರಿದಮ್ ಓಡಿಸಿ ಅದು ಕಡಿಮೆ ಕಾಸ್ಟಿನ ದಾರಿ ಹುಡುಕುತ್ತೆ. ಏರಿಯಾ ದಾಟಿದ ಮೇಲೆ ನಕ್ಷೆ ಇಲ್ಲ, ಬರೀ ಮಾತು. ಎರಡು ದೋಣಿಯಲ್ಲಿ ಕಾಲಿಡಬೇಡ ಅಂತಾರೆ. ಏರಿಯಾ ಬಾರ್ಡರ್ ರೌಟರ್, ಅಂದರೆ ಎಬಿಆರ್‌ನ ಕೆಲಸವೇ ಅದು. "ಈ ನೆಟ್‌ವರ್ಕಿಗೆ ನನ್ನ ಮೂಲಕ ಬನ್ನಿ, ಇಷ್ಟು ಕಾಸ್ಟ್" ಅಂತ ಅದು ಆಚೆ ಕಡೆಗೆ ಹೇಳುತ್ತೆ, ಉಳಿದವು ನಂಬುತ್ತವೆ. ಇಂಥ ಕೇಳಿದ ಮಾತು ಸುತ್ತಿ ಬಂದು ಲೂಪ್ ಆಗಬಾರದು ಅಂತಲೇ 1998ರ ಆರ್‌ಎಫ್‌ಸಿ 2328ರಲ್ಲಿ ಕಟ್ಟುನಿಟ್ಟಿನ ನಿಯಮವಿದೆ: ಬೇರೆ ಏರಿಯಾಗಳ ಸುದ್ದಿಯನ್ನು ಎಬಿಆರ್ ಏರಿಯಾ 0 ಕಡೆಯಿಂದ ಮಾತ್ರ ನಂಬಬೇಕು.

ಈಗ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಏರಿಯಾ 1ರಲ್ಲಿ ಲೈಬ್ರರಿ ರೌಟರ್ ಎಬಿಆರ್ 'ಎ'ಗೆ, ಹಾಸ್ಟೆಲ್ ರೌಟರ್ ಎಬಿಆರ್ 'ಬಿ'ಗೆ ಸೇರಿದೆ. ಲೈಬ್ರರಿ ಮತ್ತು ಹಾಸ್ಟೆಲ್ ನಡುವೆ ಒಂದು ಕೇಬಲ್. ರೌಟಿಂಗ್ ಟೇಬಲ್ ಚಿಕ್ಕದಾಗಿರಲಿ ಅಂತ ಎರಡೂ ಎಬಿಆರ್ 10.1.0.0/16 ಅಂತ ಒಂದೇ ಸಮ್ಮರಿ ಹೇಳ್ತಿವೆ. ಪೈಪ್ ಹಾಕೋಕೆ ಬಂದವರು ಆ ಕೇಬಲ್ ಕತ್ತರಿಸಿದರು ಅನ್ನಿ. ಏರಿಯಾ 1 ಎರಡು ಹೋಳಾಯ್ತು, ಆದ್ರೆ ಎರಡೂ ಎಬಿಆರ್ ಇನ್ನೂ "ಪೂರ್ತಿ /16 ನನ್ನ ಹತ್ತಿರ ಇದೆ" ಅಂತಲೇ ಹೇಳ್ತಿವೆ. 'ಎ' ಹತ್ತಿರ ಇರುವವರು ಹಾಸ್ಟೆಲಿಗೆ ಕಳಿಸಿದ ಪ್ಯಾಕೆಟ್ 'ಎ'ಗೇ ಬರುತ್ತೆ. ಅದಕ್ಕೆ ದಾರಿ ಗೊತ್ತಿಲ್ಲ, ಎಸೆದುಬಿಡುತ್ತೆ. ಎರಡೂ ಎಬಿಆರ್ ಆರೋಗ್ಯವಾಗಿವೆ, ಹಾಸ್ಟೆಲ್ ಮಾತ್ರ ಅರ್ಧ ಜನರಿಗೆ ಮಾಯ.

'ಎ' ಮತ್ತು 'ಬಿ' ನಡುವೆ ಏರಿಯಾ 0ರಲ್ಲಿ ಒಂದು ಕೇಬಲ್ ಇದ್ದರೂ ಇದು ಸರಿಹೋಗಲ್ಲ. 'ಬಿ' ಹೇಳುವ ರೇಂಜನ್ನು 'ಎ' ತಾನೇ ಹೇಳ್ತಿರೋದ್ರಿಂದ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಕೇಬಲ್ ಏರಿಯಾ 1ರಲ್ಲಿ ಇದ್ದಿದ್ರೆ ಏರಿಯಾ ಒಡೀತಾನೇ ಇರಲಿಲ್ಲ.

ಹಾಗಂತ ಅದನ್ನು ಏರಿಯಾ 1ಕ್ಕೆ ಮಾತ್ರ ಕೊಟ್ಟರೆ ಇನ್ನೊಂದು ತೊಂದರೆ. ಏರಿಯಾ 0 ಒಡೆದು 'ಎ' ಒಂದು ಹೋಳಲ್ಲಿ, 'ಬಿ' ಇನ್ನೊಂದರಲ್ಲಿ ಉಳಿದರೆ, ಎರಡು ಹೋಳುಗಳ ಮಧ್ಯೆ ಕೇಬಲ್ ದಾರಿ ಇದ್ದೇ ಇದೆ, ಏರಿಯಾ 1ರ ಮೂಲಕ. ಆದ್ರೆ ಮೇಲಿನ ನಿಯಮ ಆ ದಾರಿ ಬಳಸೋಕೆ ಬಿಡಲ್ಲ. ವರ್ಚುವಲ್ ಲಿಂಕ್ ಹಾಕಬಹುದು, ಏರಿಯಾ 1 ಸ್ಟಬ್ ಆಗಿದ್ದರೆ ಅದೂ ಆಗಲ್ಲ.

ಆದ್ದರಿಂದ ಎಬಿಆರ್‌ಗಳ ನಡುವಿನ ಸಂಪರ್ಕ ಎರಡೂ ಏರಿಯಾದಲ್ಲಿ ಇರಲೇಬೇಕು ಅಂತ ನನ್ನ ವಾದ. ಎರಡು ಕೇಬಲ್ ಹಾಕಿದರೆ ಉತ್ತಮ. ದುಡ್ಡಿಲ್ಲ ಅಂದ್ರೆ ಒಂದೇ ಕೇಬಲ್ ಮೇಲೆ ಎರಡು ವಿಎಲ್ಎಎನ್ ಮಾಡಬಹುದು, ಅಥವಾ 2008ರ ಆರ್‌ಎಫ್‌ಸಿ 5185 ಹೇಳುವಂತೆ ಒಂದೇ ಲಿಂಕನ್ನು ಎರಡು ಏರಿಯಾಗೂ ಸೇರಿಸಬಹುದು. ಆದರೆ ಆ ಒಂದು ಕೇಬಲ್ ಹೋದ್ರೆ ಎರಡೂ ಹೋಗುತ್ತೆ ಅನ್ನೋದು ನೆನಪಿರಲಿ.

"ಇಷ್ಟೆಲ್ಲ ಯಾಕೆ, ಒಂದೇ ಏರಿಯಾ ಇಟ್ಟರೆ ಆಗಲ್ವಾ?" ಅಂತ ಕೇಳಬಹುದು. ಚಿಕ್ಕ ನೆಟ್‌ವರ್ಕ್ ಆದ್ರೆ ಖಂಡಿತ ಹಾಗೇ ಮಾಡಿ. ಒಂದೇ ಏರಿಯಾದಲ್ಲಿ ಉಳಿದ ಯಾವ ಕೇಬಲ್ ಆದ್ರೂ ಕೆಲಸಕ್ಕೆ ಬರುತ್ತೆ. ಏರಿಯಾ ಮಾಡಿದಷ್ಟೂ ಕೇಬಲ್ ಇದ್ದೂ ದಾರಿ ಇಲ್ಲದ ಪರಿಸ್ಥಿತಿಗಳು ಹೆಚ್ಚುತ್ತವೆ. ರೆಕಾರ್ಡ್ ಚೆನ್ನಾಗಿ ಕಾಣಲಿ ಅಂತ ಏರಿಯಾ ಮಾಡೋದು ಬೇಡ.

ಲ್ಯಾಬಿಗೆ ನನ್ನ ಸಲಹೆ ಇಷ್ಟೇ. ಎಲ್ಲ ಸರಿ ಇದ್ದಾಗ ಬರುವ ಪಿಂಗಿಗೆ ಅರ್ಧ ಮಾರ್ಕ್ಸ್ ಕೊಡಿ. ಉಳಿದರ್ಧಕ್ಕೆ, ವೈವಾಗೆ ಬಂದವರು ತಮಗಿಷ್ಟ ಬಂದ ಒಂದು ಕೇಬಲ್ ಕೀಳಲಿ. ಈಥರ್ನೆಟ್‌ನಲ್ಲಿ ಡೀಫಾಲ್ಟ್ ಡೆಡ್ ಇಂಟರ್ವಲ್ 40 ಸೆಕೆಂಡ್, ಅಷ್ಟು ಹೊತ್ತು ಎಲ್ಲರೂ ಕಾಯೋಣ. ಆಮೇಲೂ ಪಿಂಗ್ ಬಂದರೆ ಸಹಿ ಹಾಕಿ.