ಲೈಟ್ ಬಿಲ್ಲು ಮತ್ತು ಬಸ್ ಟಿಕೇಟು

ಮುಂಬಯಿಗೆ ಹೊಸದಾಗಿ ಬಂದ ನೆಂಟರು ನಮ್ಮ ಲೈಟ್ ಬಿಲ್ಲು ನೋಡಿ ಹುಬ್ಬೇರಿಸುವುದುಂಟು. ಬೆಳಿಗ್ಗೆ ಹತ್ತಿದ ಬಸ್ಸಿನ ಮೇಲಿದ್ದ ಹೆಸರೇ ಬಿಲ್ಲಿನ ಮೇಲೂ ಇರುತ್ತದೆ: ಬೆಸ್ಟ್. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ಹಳೆಯ ನಗರದ ಸುಮಾರು 10 ಲಕ್ಷ ಗ್ರಾಹಕರಿಗೆ ಕರೆಂಟ್ ಕೊಡುವುದೂ, ಊರಿಗೆಲ್ಲ ಬಸ್ ಓಡಿಸುವುದೂ ಒಂದೇ ಸಂಸ್ಥೆ.

ಈ ಜೋಡಿ ದಾನಧರ್ಮದಿಂದ ಹುಟ್ಟಿದ್ದಲ್ಲ, ವ್ಯಾಪಾರದಿಂದ ಹುಟ್ಟಿದ್ದು. 1874ರಲ್ಲಿ ಇಲ್ಲಿ ಕುದುರೆ ಎಳೆಯುವ ಟ್ರಾಮ್ ಬಂತು. 1905ರಲ್ಲಿ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್ ಕಂಪನಿ ಸ್ಥಾಪನೆಯಾಗಿ, 1907ರಲ್ಲಿ ಟ್ರಾಮ್ ಕರೆಂಟಿನಿಂದ ಓಡತೊಡಗಿತು. ಟ್ರಾಮಿಗೆ ಕರೆಂಟ್ ಬೇಕಿತ್ತು, ಕರೆಂಟಿಗೆ ಹಗಲಿನ ಗಿರಾಕಿ ಬೇಕಿತ್ತು. 1926ರಲ್ಲಿ ಬಸ್ಸು ಬಂತು. 1947ರ ಆಗಸ್ಟ್ 7ರಂದು ನಗರಪಾಲಿಕೆ ಕಂಪನಿಯನ್ನು ತನ್ನ ಕೈಗೆ ತೆಗೆದುಕೊಂಡಿತು. 1964ರಲ್ಲಿ ಕೊನೆಯ ಟ್ರಾಮ್ ನಿಂತ ಮೇಲೆ ಕರೆಂಟಿಗೂ ಸಾರಿಗೆಗೂ ಉಳಿದದ್ದು ಲೆಕ್ಕಪುಸ್ತಕದ ನಂಟು ಮಾತ್ರ. ಟಾಟಾ ಪವರ್‌ನಂಥವರಿಂದ ಕೊಂಡು ಮಾರಿದ ಕರೆಂಟಿನಲ್ಲಿ ಉಳಿದ ಹಣ ಬಸ್ಸಿನ ನಷ್ಟ ತುಂಬುತ್ತಿತ್ತು.

ಆ ಹಣದ ಬೆಲೆ ನಮ್ಮವರಿಗೆ ಗೊತ್ತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಹೊತ್ತು ಮೀರಿ ಖೋಲಿಗೆ ಮರಳುತ್ತಿದ್ದ ಹುಡುಗರಿಗೆ ಕೈಗೆಟಕುವ ಬಸ್ಸು ಬೇಕೇ ಬೇಕಿತ್ತು.

ಆದರೆ ಈ ಏರ್ಪಾಟಿನಲ್ಲಿ ಒಂದು ಅನ್ಯಾಯವೂ ಇತ್ತು. ಬಸ್ಸು ಅಂಧೇರಿ, ಬೋರಿವಲಿಗೂ ಓಡುತ್ತದೆ. ಅದರ ನಷ್ಟ ಹೊರುತ್ತಿದ್ದವನು ಪರೇಲಿನ ಚಾಳಿನಲ್ಲಿ ಹೊಲಿಗೆಯಂತ್ರ ನಡೆಸುವವನು. ಉಪನಗರದ ಬಂಗಲೆಯವರ ಕರೆಂಟ್ ಬೇರೆ ಕಂಪನಿಯದು, ಅವರಿಗೆ ಈ ಹೊರೆಯಿಲ್ಲ. 2003ರ ವಿದ್ಯುತ್ ಕಾಯ್ದೆಯ ನಂತರ ಪ್ರತಿ ರೂಪಾಯಿಗೂ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಕೊಡಬೇಕಾಯಿತು. ಕೆಲವು ವರ್ಷ ಸಾರಿಗೆಯ ನಷ್ಟವನ್ನು ಲೈಟ್ ಬಿಲ್ಲಿನಲ್ಲೇ ವಸೂಲು ಮಾಡಲು ಅನುಮತಿಯಿತ್ತು. ಕಡೆಗೆ ಅದೂ ನಿಂತಿತು. ನಿಂತದ್ದು ಸರಿ ಎಂದೇ ನನ್ನ ಅಭಿಪ್ರಾಯ. ಬಸ್ಸಿನ ಹೊರೆಯನ್ನು ಕರೆಂಟಿನ ಬಿಲ್ಲಿನಲ್ಲಿ ಬಚ್ಚಿಡಬಾರದು.

ತಪ್ಪಿದ್ದು ಅದರ ನಂತರ. ಒಂದು ಕೈ ಹೊರೆ ಇಳಿಸಿದಾಗ ಇನ್ನೊಂದು ಕೈ ಎತ್ತಿಕೊಳ್ಳಬೇಕಿತ್ತು. ಆ ಕೈ ಪಾಲಿಕೆಯದು. 2025-26ರಲ್ಲಿ 74,000 ಕೋಟಿ ರೂಪಾಯಿಗೂ ಹೆಚ್ಚಿನ ಬಜೆಟ್ ಮಂಡಿಸಿದ ಪಾಲಿಕೆ ಬೆಸ್ಟ್‌ಗೆಂದು ಇಟ್ಟದ್ದು 1,000 ಕೋಟಿ. ಒಂದು ಕಾಲಕ್ಕೆ 4,000 ದಾಟಿದ್ದ ಸ್ವಂತ ಬಸ್ಸುಗಳು ಕರಗಿ, ಈಗ ರಸ್ತೆಯಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಗುತ್ತಿಗೆದಾರರವು. 2019ರಲ್ಲಿ 5 ರೂಪಾಯಿಗೆ ಇಳಿಸಿದ್ದ ಕನಿಷ್ಠ ದರ 2025ರ ಮೇ ತಿಂಗಳಲ್ಲಿ 10 ರೂಪಾಯಿ ಆಯಿತು. ಆಗ ಅದನ್ನು ಪ್ರಶ್ನಿಸಲು ನಗರಸೇವಕರೂ ಇರಲಿಲ್ಲ. 2022ರ ಮಾರ್ಚಿನಲ್ಲಿ ಅವಧಿ ಮುಗಿದ ಪಾಲಿಕೆಯನ್ನು ಆಡಳಿತಾಧಿಕಾರಿ ನಡೆಸುತ್ತಿದ್ದರು.

ಬಸ್ಸು ಲಾಭ ಮಾಡಲಿ ಎನ್ನುವವರು ಫುಟ್‌ಪಾತು, ಬೀದಿದೀಪ ಲಾಭ ಮಾಡಲಿ ಎನ್ನುವುದಿಲ್ಲ. ಬೆಸ್ಟ್‌ನ ಬಜೆಟ್ಟನ್ನು ಪಾಲಿಕೆಯ ಬಜೆಟ್ಟಿನೊಳಗೇ ಸೇರಿಸಬೇಕೆಂಬ ಹಳೆಯ ಬೇಡಿಕೆ ನ್ಯಾಯವಾದದ್ದು. ಆಗ ನಷ್ಟ ಎಲ್ಲರಿಗೂ ಕಾಣುತ್ತದೆ, ಊರಿಡೀ ಹಂಚಿಹೋಗುತ್ತದೆ, ಕೇಳಬೇಕಾದ್ದನ್ನು ಯಾರನ್ನು ಕೇಳಬೇಕೆಂದೂ ತಿಳಿಯುತ್ತದೆ.

ಉಪನಗರದ ಲೈಟ್ ಬಿಲ್ಲಿನ ಮೇಲೆ ಬಿಎಸ್‌ಇಎಸ್ ಹೋಗಿ ರಿಲಯನ್ಸ್ ಬಂತು, 2018ರಲ್ಲಿ ಅದಾನಿ ಬಂತು. ಅಲ್ಲಿ ಗ್ರಾಹಕನನ್ನು ಯಾರೂ ಕೇಳಲಿಲ್ಲ. ನಮ್ಮ ಬಿಲ್ಲಿನ ಮೇಲಿರುವುದು ಇನ್ನೂ ಊರಿನದೇ ಸಂಸ್ಥೆ. ನಾವು ಇಲ್ಲಿನ ಮತದಾರರು. ವಾರ್ಡಿನ ನಗರಸೇವಕರನ್ನು ಕನ್ನಡ ಸಂಘದ ಸಮಾರಂಭಕ್ಕೆ ಕರೆದು ಶಾಲು ಹೊದಿಸುವಾಗ ಈ ಬಸ್ಸಿನ ಮಾತನ್ನೂ ಒಂದಿಷ್ಟು ಕೇಳೋಣ.