ಏರಿಯಲ್ ಬಂತಾ?

ದೀಪಾವಳಿಗೆಂದು ಮನೆಯ ಬಾಂಬ್ ಶೆಲ್ಟರ್ ಗುಡಿಸುತ್ತಿದ್ದೆ. (ಸಿಂಗಪುರದ ನಮ್ಮ ಮನೆಗಳಲ್ಲಿ ಅಲ್ಲಿ ಆಶ್ರಯ ಪಡೆದಿರುವುದು ಹಳೆಯ ಸೂಟ್‌ಕೇಸು, ಅಕ್ಕಿ ಮೂಟೆಗಳೇ ಎಂಬುದು ನಿಮಗೂ ಗೊತ್ತು.) ಮೂಲೆಯಲ್ಲಿ ಸೊಂಟ ಮುರಿದ ಸ್ಟೀಲ್ ಕೊಳವೆಯೊಂದು ಸಿಕ್ಕಿತು. "ಇದೇನಪ್ಪಾ, ಸೆಲ್ಫಿ ಸ್ಟಿಕ್ಕಾ?" ಎಂದಳು ಮಗಳು. ಕಾರಿನ ರೇಡಿಯೊ ಏರಿಯಲ್ ಕಣೇ ಎಂದೆ. ಈ ಸಲದ ಅಂಕಣ ಅವಳಿಗೆ ಹೇಳಿದ ಕಥೆಯೇ.

ಅದು 2006. ಸೆಂಬವಾಂಗ್‌ನಲ್ಲಿ ನಮ್ಮದೊಂದು ಸೆಕೆಂಡ್ ಹ್ಯಾಂಡ್ ಕಾರು. ಸಿಒಇ ಮುಗಿಯಲು ಇನ್ನು ಮೂರೇ ವರ್ಷ. ರೇಡಿಯೊ ಹಾಕಿದರೆ ಹಿಂದಿನ ಮಡ್‌ಗಾರ್ಡಿನಿಂದ ಜುಂಯ್ ಎಂದು ಏರಿಯಲ್ ಏಳುತ್ತಿತ್ತು, ಆರಿಸಿದರೆ ತಾನಾಗಿ ಇಳಿಯುತ್ತಿತ್ತು. ಮೂರು ತಿಂಗಳಿಗೆಂದು ಧಾರವಾಡದಿಂದ ಮೊದಲ ಸಲ ಬಂದಿದ್ದ ಅಪ್ಪನಿಗೆ ಇಡೀ ಸಿಂಗಪುರದಲ್ಲಿ ಮೆಚ್ಚುಗೆಯಾದದ್ದು ಅದೊಂದೇ. ಊರಲ್ಲಿ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳದೆ ಚಹಾ ಕುಡಿಯದ ಮನುಷ್ಯ. ಇಲ್ಲಿ ಒಲಿ 96.8 ತಮಿಳು ಕೇಂದ್ರ. ಭಾಷೆ ತಿಳಿಯದಿದ್ದರೂ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ದನಿ ಬಂದರೆ ಸಾಕು, "ನಮ್ಮವರ ಅದಾರ" ಎನ್ನುತ್ತಿದ್ದರು. ಸೆಂಬವಾಂಗ್ ದ್ವೀಪದ ಉತ್ತರದ ಅಂಚು, ಎದುರಿಗೇ ಜೊಹೊರ್. ಹಾಗಾಗಿ ಮಲೇಷ್ಯಾದ ಕೇಂದ್ರಗಳೂ ಸಿಗುತ್ತಿದ್ದವು. ಧಾರವಾಡ ಮಾತ್ರ ಸಿಗಲಿಲ್ಲ. "ಇಷ್ಟುದ್ದ ಕಡ್ಡಿ ಐತಿ, ಯಾಕ ಹಿಡಿಯೂದಿಲ್ಲ?" ಎಂದು ಕೇಳಿದ್ದರು.

ಮುಖ್ಯ ಕಾರಣ ಕಡ್ಡಿಯಲ್ಲ, ದೂರ. ಆದರೂ ಕಡ್ಡಿಗೂ ಒಂದು ಲೆಕ್ಕವಿದೆ. ಎಫ್‌ಎಂ ಅಲೆ ಸುಮಾರು ಮೂರು ಮೀಟರ್ ಉದ್ದ. ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರ್ ಕಡ್ಡಿಯಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಧಾರವಾಡದ್ದು 765 ಕಿಲೊಹರ್ಟ್ಸ್ ಮಧ್ಯಮ ತರಂಗ. ಆ ಅಲೆ 392 ಮೀಟರ್! ಅದರ ಕಾಲು ಭಾಗದ ಕಡ್ಡಿ ನೆಟ್ಟರೆ ನಮ್ಮ ಹದಿನಾರು ಮಹಡಿ ಬ್ಲಾಕನ್ನೂ ಮೀರುತ್ತಿತ್ತು. ಊರಲ್ಲಿ ನಿಲಯ ಹತ್ತಿರ, ಗೋಡೆಯಿಂದ ಗೋಡೆಗೆ ಕಟ್ಟಿದ ತಾಮ್ರದ ಜಾಲರಿಯೇ ಸಾಕಾಗುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ ಏರಿಯಲ್ ಅರ್ಧಕ್ಕೇ ಮುರಿದು ಜೋತಾಡುತ್ತಿದೆ. ರೇಡಿಯೊ ಹಾಕಿದರೆ ಡಿಕ್ಕಿಯೊಳಗೆ ಕಟಕಟ ಸದ್ದು. ಯಾವ ಹುಡುಗರ ಕೆಲಸವೋ ಎಂದು ಮನೆಯಲ್ಲಿ ಎರಡು ದಿನ ಬೈದೆ. ವರ್ಕ್‌ಶಾಪಿನವರು ಮೋಟಾರು ಸಮೇತ ಬದಲಿಸಬೇಕೆಂದು ಮುನ್ನೂರು ಡಾಲರ್ ಹೇಳಿದರು. ಮೂರು ವರ್ಷಕ್ಕೆ ಗುಜರಿಗೆ ಹೋಗುವ ಕಾರಿಗೆ ಯಾಕೆಂದು ಬಿಟ್ಟೆ. ಅಪ್ಪ ಕಾರು ಹತ್ತುವುದನ್ನೇ ಕಡಿಮೆ ಮಾಡಿದರು. ಎರಡು ವಾರದ ಮೇಲೆ ಒಂದು ರಾತ್ರಿ, "ಟಿಕೆಟ್ ಈ ತಿಂಗಳಿಗೇ ಬದಲಿ ಮಾಡಾಕ ಬರ್ತೈತೇನು?" ಎಂದರು. ಹೆಂಡತಿ ನನ್ನ ಮುಖ ನೋಡಿದಳು. ನಾವೇನು ಕಡಿಮೆ ಮಾಡಿದೆವೋ ತಿಳಿಯಲಿಲ್ಲ.

ಆ ಶನಿವಾರ ಬಿಡಿಭಾಗದ ಅಂಗಡಿಯಲ್ಲಿ ಬರೀ ಕಡ್ಡಿಯೇ ಸಿಗುತ್ತದೆಂದು ಗೊತ್ತಾಯಿತು. ಬುಡಕ್ಕೆ ಹಲ್ಲುಳ್ಳ ನೈಲಾನ್ ಹಗ್ಗ ಇರುತ್ತದೆ. ಮೋಟಾರಿನ ಚಕ್ರ ಆ ಹಲ್ಲು ಕಚ್ಚಿಯೇ ಏರಿಸುವುದು, ಇಳಿಸುವುದು. ಆದರೆ ಇದು ಇಬ್ಬರ ಕೆಲಸ. ಅಪ್ಪನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಮೇಲಿನ ನಟ್ ಬಿಚ್ಚಿ "ಹಾಕಿ" ಎಂದೆ. ರೇಡಿಯೊ ಹಾಕಿದರು. ಮೋಟಾರು ಹಳೆಯ ಕಡ್ಡಿಯನ್ನು ಹಗ್ಗ ಸಮೇತ ಉಗುಳಿತು. ಹಗ್ಗದ ತುಂಡು ಒಳಗೆ ಉಳಿದರೆ ಹೊಸದೂ ಸಿಕ್ಕಿಕೊಳ್ಳುತ್ತದೆ, ಪುಣ್ಯಕ್ಕೆ ಉಳಿದಿರಲಿಲ್ಲ. ಹಳೆಯದರ ಹಲ್ಲು ಯಾವ ಕಡೆಗಿತ್ತೋ ಅದೇ ಕಡೆಗೆ ಹೊಸದರ ಹಲ್ಲು ತಿರುಗಿಸಿ ಇಳಿಬಿಟ್ಟೆ.

"ಆರಿಸಿ!"

ಉತ್ತರವಿಲ್ಲ. ಬಗ್ಗಿ ನೋಡಿದರೆ ಅಪ್ಪ ಸ್ಟೇರಿಂಗ್ ಹಿಡಿದು ಕೂತಿದ್ದಾರೆ.

"ಮುರದದ್ದು ನಾನಪಾ. ಅವತ್ತ ನೀ ಅಂಗಡಿಗೆ ಹೋದಾಗ ರೇಡಿಯೊ ಆರಿಸಿದೆ. ಕಡ್ಡಿ ಅರ್ಧಕ್ಕ ನಿಂತಿತು, ಕೈಲೆ ಒತ್ತಿದೆ. ನೀ ಹುಡುಗರಿಗೆ ಬೈಯಾಕತ್ತಿದ್ದಿ, ಹೇಳಾಕ ಬಾಯಿ ಬರಲಿಲ್ಲ."

ಎಪ್ಪತ್ತರ ಅಪ್ಪ ನನ್ನ ಮನೆಯಲ್ಲಿ ನನಗೆ ಹೆದರಿಕೊಂಡಿದ್ದರು. ಏನು ಹೇಳಬೇಕೋ ತೋಚಲಿಲ್ಲ. ಊರಲ್ಲಿ ದೂರದರ್ಶನದ ಏರಿಯಲ್ ತಿರುಗಿಸಲು ಅವರು ಮಾಳಿಗೆ ಹತ್ತಿ "ಬಂತಾ?" ಎಂದು ಕೂಗುತ್ತಿದ್ದರು, ಚಿತ್ರ ಸರಿಯಿದ್ದರೂ ತಮಾಷೆಗೆ "ಇನ್ನೂ ಸ್ವಲ್ಪ" ಎಂದು ಬಿಸಿಲಲ್ಲಿ ನಿಲ್ಲಿಸುತ್ತಿದ್ದವನು ನಾನು. ಅದನ್ನೇ ಹೇಳಿದೆ. "ಗೊತ್ತಿತ್ತು ಬಿಡು" ಎಂದು ರೇಡಿಯೊ ಆರಿಸಿದರು. ಹಗ್ಗ ಸರಸರ ಒಳಗೆ ಹೋಯಿತು. ಎರಡು ಇಂಚು ಹೊರಗೇ ನಿಂತಿತು. ಎಷ್ಟು ಹೆಣಗಿದರೂ ಅಷ್ಟೇ.

ಟಿಕೆಟ್ ಬದಲಿಸಲಿಲ್ಲ. ಮೂರು ತಿಂಗಳೂ ಇದ್ದರು. ಊರಿಗೆ ಹೋದ ಮೇಲೆ ಭಾನುವಾರ ಫೋನ್ ಮಾಡಿದಾಗಲೆಲ್ಲ, ಮೊಮ್ಮಗನನ್ನು ವಿಚಾರಿಸುವ ಮೊದಲೇ ಕೇಳುತ್ತಿದ್ದರು: "ಎರಡ ಇಂಚು ಹಂಗ ಐತೇನು?" 2009ರಲ್ಲಿ ಕಾರು ಗುಜರಿಗೆ ಹೋಗುವವರೆಗೂ ಅದು ಹಾಗೇ ಇತ್ತು.