ಹಳೆ ಪೆಟ್ಟಿಗೆಗೆ ಹೊಸ ಕಾರ್ಡ್: ಮೊದಲು ಮುಚ್ಚಳ ತೆರೆದು ನೋಡಿ

"ಟೀಚರ್, ನಮ್ಮ ಕಂಪ್ಯೂಟರಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಬ್ಲೆಂಡರ್ ಓಡ್ತದಾ?"

ಲಿಟಲ್ ಕೈಟ್ಸ್ ಶಿಬಿರ ಮುಗಿಸಿ ಬಂದ ಒಂಬತ್ತನೇ ತರಗತಿಯ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ್ದು ಇದು. ಶಿಬಿರದಲ್ಲಿ ಮೂರು ಆಯಾಮದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ ಹುಚ್ಚು ಅವನಿಗೆ ಇನ್ನೂ ಇಳಿದಿರಲಿಲ್ಲ. ಮನೆಯಲ್ಲಿ ಮಾವ ಬಿಟ್ಟುಹೋದ ಹಳೆ ಕಂಪ್ಯೂಟರ್ ಉಂಟು. ಪೇಟೆಯ ಅಂಗಡಿಯವರು "ಜಿಟಿ 710 ಹಾಕು, ಎಲ್ಲ ಸರಿಯಾಗ್ತದೆ" ಅಂದಿದ್ದಾರೆ. ಅಮ್ಮ ಬೀಡಿ ಕಟ್ಟಿ ಉಳಿಸಿದ್ದು ಸ್ವಲ್ಪ, ರಜೆಯಲ್ಲಿ ಇವನು ಅಡಿಕೆ ಹೆಕ್ಕಿದ್ದು ಸ್ವಲ್ಪ, ಒಟ್ಟು ನಾಲ್ಕೂವರೆ ಸಾವಿರ ರೂಪಾಯಿ ಡಬ್ಬಿಯಲ್ಲಿ ಉಂಟು.

ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ "ಗೇಮ್ ಆಡ್ಲಿಕ್ಕೆ ಇರಬೇಕು" ಎಂದು ನಕ್ಕರು. ಗೇಮ್ ಆಡಲಿಕ್ಕೇ ಆದರೂ ಪ್ರಶ್ನೆ ಒಳ್ಳೆಯದೇ ಅಲ್ಲವಾ? ಓಮ್ ನಿಯಮ, ವಿದ್ಯುತ್ ಸಾಮರ್ಥ್ಯ, ಬೈಟ್, ಬಿಟ್ ಅಂತ ನಾವು ಹಲಗೆಯ ಮೇಲೆ ಬರೆದದ್ದೆಲ್ಲ ಈ ಒಂದು ಪ್ರಶ್ನೆಯೊಳಗೆ ಉಂಟು. ಹಾಗಾಗಿ ಆ ಶನಿವಾರ ಅವನ ಮನೆಗೇ ಹೋದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು ವರ್ಷ ದಾಟಿದ ಕಂಪ್ಯೂಟರಿಗೆ ಎಲ್ಲಕ್ಕಿಂತ ಅಗ್ಗದ ಕಾರ್ಡ್ ಹಾಕುವುದು ಹೆಚ್ಚಿನ ಸಲ ದುಡ್ಡು ದಂಡ. ಆದರೆ "ಹೆಚ್ಚಿನ ಸಲ" ಅಂದರೆ "ಯಾವಾಗಲೂ" ಅಲ್ಲ. ನಿಮ್ಮದು ಯಾವ ಲೆಕ್ಕ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ, ವೀಡಿಯೋ ಮಾಡುವವರೂ ಹೇಳುವುದಿಲ್ಲ. ಪೆಟ್ಟಿಗೆ ತೆರೆದು ನೀವೇ ನೋಡಬೇಕು.

ವಯರ್ ಕಿತ್ತು ಮುಚ್ಚಳ ತೆರೆದೆವು. ಒಳಗೆ ಹಲ್ಲಿಯ ಮೊಟ್ಟೆ ಎರಡು, ಫ್ಯಾನಿನ ತುಂಬ ಧೂಳು. ಮದರ್‌ಬೋರ್ಡ್ ಎಚ್61, ಪ್ರೊಸೆಸರ್ ಇಂಟೆಲ್ ಐ3-2120. 2011ರ ಮಾಲು. ಎರಡು ಕೋರ್, 3.3 ಗಿಗಾಹರ್ಟ್ಸ್. ಅದರೊಳಗೇ ಎಚ್‌ಡಿ 2000 ಎಂಬ ಚಿಕ್ಕ ಗ್ರಾಫಿಕ್ಸ್ ಘಟಕ ಉಂಟು. ರ‍್ಯಾಮ್ 4 ಜಿಬಿಯ ಒಂದೇ ಕಡ್ಡಿ, ಎರಡನೇ ಜಾಗ ಖಾಲಿ. ಡಿಸ್ಕ್ ತಿರುಗುವ ಹಾರ್ಡ್ ಡಿಸ್ಕ್.

ನಾನು ಮೊದಲು ನೋಡಿದ್ದು ಎಸ್‌ಎಂಪಿಎಸ್, ಅಂದರೆ ವಿದ್ಯುತ್ ಕೊಡುವ ಡಬ್ಬ. ಅದರ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದು ಬರೆದಿತ್ತು. ಇದನ್ನು ನಂಬಬೇಡಿ. ಕೆಳಗೆ ಸಣ್ಣ ಅಕ್ಷರದ ಪಟ್ಟಿಯಲ್ಲಿ 12 ವೋಲ್ಟ್ ಸಾಲನ್ನು ಹುಡುಕಿ. ಪ್ರೊಸೆಸರ್, ಕಾರ್ಡ್ ಎರಡೂ ಮುಖ್ಯವಾಗಿ ಕುಡಿಯುವುದು ಆ ಸಾಲಿನಿಂದ. ಇವನದರಲ್ಲಿ 14 ಆಂಪಿಯರ್ ಇತ್ತು. "ಎಷ್ಟು ವ್ಯಾಟ್ ಆಯ್ತು ಮಾರಾಯ?" ಕೇಳಿದೆ. ಹನ್ನೆರಡು ಹದಿನಾಲ್ಕಲಿ ನೂರ ಅರವತ್ತೆಂಟು. 450 ಎಲ್ಲಿ, 168 ಎಲ್ಲಿ! ಹುಡುಗ ಡಬ್ಬವನ್ನೇ ಸಿಟ್ಟಿನಿಂದ ನೋಡಿದ.

ಆದರೂ ಲೆಕ್ಕ ಕೂಡಿತು. ಐ3-2120ಕ್ಕೆ 65 ವ್ಯಾಟ್ ಎಂದು ಇಂಟೆಲ್ ಹೇಳುತ್ತದೆ. ಡಿಸ್ಕ್, ಫ್ಯಾನುಗಳಿಗೆ ಒಂದಷ್ಟು. ಜಿಟಿ 710 ಎಂಬ ಕಾರ್ಡಿಗೆ ಬೇಕಾದ್ದು 19 ವ್ಯಾಟ್, ಜಿಟಿ 1030ಕ್ಕೆ 30. ಇವೆಲ್ಲ ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಜಾಗದಿಂದಲೇ ವಿದ್ಯುತ್ ತೆಗೆದುಕೊಳ್ಳುತ್ತವೆ. ಆ ಜಾಗ ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು. ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650 ಸರಿಯಾಗಿ ಆ 75ರ ಗಡಿಯಲ್ಲಿ ನಿಲ್ಲುತ್ತವೆ. ಅದಕ್ಕಿಂತ ದೊಡ್ಡ ಕಾರ್ಡಿಗೆ ಬೇರೆ ವಯರ್ ಬೇಕು. ಹಳೆ ಎಸ್‌ಎಂಪಿಎಸ್‌ನಲ್ಲಿ ಆ ವಯರ್ ಇಲ್ಲದಿದ್ದರೆ ಹಾರ್ಡ್ ಡಿಸ್ಕಿನ ವಯರಿಗೆ ಅಡಾಪ್ಟರ್ ಸಿಕ್ಕಿಸಿ ಕೊಡುವವರಿದ್ದಾರೆ. ಬೇಡ. ವಯರ್ ಕರಗಿದ ವಾಸನೆ ಒಮ್ಮೆ ಮೂಗಿಗೆ ಬಡಿದವರು ಎರಡನೇ ಸಲ ಆ ಕೆಲಸ ಮಾಡುವುದಿಲ್ಲ. ಇನ್ನೊಂದು ಮಾತು: ಕ್ಯಾಬಿನೆಟ್ ತೆರೆಯಿರಿ, ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ವಯರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುದಾವೇಶ ಉಳಿದಿರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಕಾರ್ಡಿನ ಪೆಟ್ಟಿಗೆಯ ಮೇಲೆ "2 ಜಿಬಿ" ಎಂದು ಮೊದಲು ಕಾಣುವ ಹಾಗೆ ಬರೆದಿರುತ್ತಾರೆ. ಅದು ಗೋದಾಮಿನ ಗಾತ್ರ. ನಮಗೆ ಬೇಕಾದ್ದು ಗೋದಾಮಿಗೆ ಹೋಗುವ ರಸ್ತೆಯ ಅಗಲ. ಲೆಕ್ಕ ಸುಲಭ: ದಾರಿ ಎಷ್ಟು ಬಿಟ್ ಅಗಲ, ಸೆಕೆಂಡಿಗೆ ಎಷ್ಟು ಸಲ ಸಾಗಣೆ, ಎರಡನ್ನೂ ಗುಣಿಸಿ 8ರಿಂದ ಭಾಗಿಸಿದರೆ ಬೈಟ್ ಸಿಗುತ್ತದೆ. ಡಿಡಿಆರ್3 ಮೆಮೊರಿಯ ಜಿಟಿ 710ರಲ್ಲಿ 64 ಬಿಟ್, ಸೆಕೆಂಡಿಗೆ 180 ಕೋಟಿ ಸಲ. ಬರುವುದು 14.4 ಗಿಗಾಬೈಟ್. ಇನ್ನು ಇವನ ರ‍್ಯಾಮ್ ಕಡ್ಡಿ ಡಿಡಿಆರ್3-1333. ಅದೂ 64 ಬಿಟ್, ಸುಮಾರು 133 ಕೋಟಿ ಸಲ. 10.6 ಗಿಗಾಬೈಟ್ ಆಯಿತು. ಖಾಲಿ ಜಾಗಕ್ಕೆ ಅಂಥದ್ದೇ ಇನ್ನೊಂದು ಕಡ್ಡಿ ಹಾಕಿದರೆ ಎರಡೂ ಜೊತೆಯಲ್ಲಿ ಕೆಲಸ ಮಾಡಿ 21.3 ಆಗುತ್ತದೆ!

ಅಂದರೆ ಕಾರ್ಡೇ ಇಲ್ಲದೆ, ಬರೇ ಒಂದು ಹಳೆ ರ‍್ಯಾಮ್ ಕಡ್ಡಿಯಿಂದ, ರಸ್ತೆ ಜಿಟಿ 710ರದ್ದಕ್ಕಿಂತ ಅಗಲವಾಯಿತು. ಅಂಗಡಿಯವರು ಇದನ್ನು ಯಾಕೆ ಹೇಳಲಿಲ್ಲ ಎಂದು ಹುಡುಗ ಕೇಳಿದ. ಕಾರ್ಡ್ ಅವರ ಶೆಲ್ಫಿನಲ್ಲಿ ಇತ್ತು, ಅದಕ್ಕೇ ಇರಬೇಕು.

ಇಲ್ಲಿ ನಾನು ಪ್ರಾಮಾಣಿಕವಾಗಿರಬೇಕು. ಆ ರಸ್ತೆಯನ್ನು ಪ್ರೊಸೆಸರ್ ಕೂಡ ಬಳಸುತ್ತದೆ, ಕಾರ್ಡಿನ ರಸ್ತೆ ಕಾರ್ಡಿಗೆ ಮಾತ್ರ. ಮತ್ತೆ ಎಚ್‌ಡಿ 2000ರಲ್ಲಿ ಕೆಲಸ ಮಾಡುವ ಘಟಕಗಳು ಆರೇ ಆರು. ಹಾಗಾಗಿ ಚಿತ್ರ ಬಿಡಿಸುವ ಓಟದಲ್ಲಿ ಜಿಟಿ 710 ಅದಕ್ಕಿಂತ ಮುಂದೆಯೇ ಇರುತ್ತದೆ. ನನ್ನ ತಕರಾರು ಅದರ ಬಗ್ಗೆ ಅಲ್ಲ. ಕೊಟ್ಟ ದುಡ್ಡಿಗೆ ಕಂಪ್ಯೂಟರ್ ಎಷ್ಟು ಬದಲಾಗುತ್ತದೆ ಎಂಬುದರ ಬಗ್ಗೆ.

ಅದೇ ಲೆಕ್ಕವನ್ನು ಜಿಟಿ 1030ಕ್ಕೆ ಹಾಕಿ ನೋಡಿ, ಮೋಸ ಹೇಗೆ ಅಡಗಿರುತ್ತದೆ ಎಂದು ತಿಳಿಯುತ್ತದೆ. 2017ರಲ್ಲಿ ಬಂದ ಈ ಕಾರ್ಡಿನಲ್ಲಿ ಜಿಡಿಡಿಆರ್5 ಮೆಮೊರಿ, 48 ಗಿಗಾಬೈಟ್ ವೇಗ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ ಕಾರ್ಡ್ ಬಂತು. ಅದರ ವೇಗ 16.8 ಮಾತ್ರ. ಹೆಸರು ಒಂದೇ, 2 ಜಿಬಿ ಒಂದೇ, ರಸ್ತೆ ಮೂರರಲ್ಲಿ ಒಂದು ಪಾಲು! ಜಿಟಿ 730 ಎಂಬ ಹೆಸರಿನಲ್ಲೂ ಒಂದಕ್ಕಿಂತ ಹೆಚ್ಚು ಬಗೆಯ ಕಾರ್ಡ್‌ಗಳಿವೆ. ಕಂಪನಿಗಳು ಹೀಗೆ ಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಇದಕ್ಕಿಂತ ಕೆಟ್ಟದ್ದೂ ಉಂಟು. ಹಳೆ ಕಾರ್ಡಿನ ಒಳಗಿನ ಬಯಾಸ್ ತಿದ್ದಿ, ಅದು ಜಿಟಿಎಕ್ಸ್ 1050 ಟಿಐ ಎಂದು ತೋರಿಸುವ ಹಾಗೆ ಮಾಡಿ ಮಾರುವವರಿದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಅಂಥ ನಕಲಿಗಳನ್ನು ಹಿಡಿದುಕೊಡುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಲ್ಲೇ ಹಾಕಿ ತೋರಿಸಿ ಎಂದು ಕೇಳಲು ನಾಚಿಕೆ ಬೇಡ.

ಇನ್ನು ದೊಡ್ಡ ಕಾರ್ಡನ್ನೇ ತಂದರೆ? ನಮ್ಮೂರಿನ ಲೆಕ್ಕದಲ್ಲಿ ಹೇಳುತ್ತೇನೆ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು ಒಬ್ಬನೇ, ಕೆಳಗೆ ಹೆಕ್ಕಲಿಕ್ಕೆ ಹತ್ತು ಜನ. ಹೆಕ್ಕುವವರನ್ನು ಇಪ್ಪತ್ತು ಮಾಡಿದರೆ ಕೊಯ್ಲು ಬೇಗ ಮುಗಿಯುತ್ತದಾ? ಹೆಕ್ಕುವವರು ಬಾಯಿ ಬಿಟ್ಟು ಮೇಲೆ ನೋಡುತ್ತಾ ನಿಲ್ಲುತ್ತಾರೆ ಅಷ್ಟೆ. ಗೇಮಿನ ಒಂದು ಚಿತ್ರಕ್ಕೆ ಬೇಕಾದ ಲೆಕ್ಕ ಮಾಡಲು ಪ್ರೊಸೆಸರಿಗೆ 30 ಮಿಲಿಸೆಕೆಂಡ್ ಬೇಕು, ಬಿಡಿಸಲು ಕಾರ್ಡಿಗೆ 20 ಸಾಕು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 33 ಚಿತ್ರ. ನಾಲ್ಕು ಪಟ್ಟು ವೇಗದ ಕಾರ್ಡ್ ತಂದು ಆ 20ನ್ನು 5 ಮಾಡಿದರೂ ಅದೇ 33.

ಯಾರು ಕಾಯಿಸುತ್ತಿದ್ದಾರೆ ಎಂದು ತಿಳಿಯಲು ಖರ್ಚಿಲ್ಲದ ಪ್ರಯೋಗ ಉಂಟು. ಗೇಮಿನ ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ ಇಳಿಸಿ. ಚುಕ್ಕಿಗಳು ಕಡಿಮೆಯಾದ ಕಾರಣ ಬಿಡಿಸುವ ಕೆಲಸ ಕಡಿಮೆ, ಆದರೆ ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಅಷ್ಟೇ. ಈಗ ಗೇಮ್ ಚೆನ್ನಾಗಿ ಓಡಿದರೆ ಕಾರ್ಡ್ ಹಾಕಿ ಪ್ರಯೋಜನ ಉಂಟು. ಮೊದಲಿನ ಹಾಗೇ ಜರ್ಕ್ ಹೊಡೆದರೆ ತೊಡಕು ಬೇರೆ ಕಡೆ ಉಂಟು. ಇವನ ಮನೆಯಲ್ಲಿ ಪ್ರಯೋಗ ಮಾಡಲಿಕ್ಕೇ ಆಗಲಿಲ್ಲ. ಬ್ರೌಸರ್ ತೆರೆದ ಕೂಡಲೇ 4 ಜಿಬಿ ತುಂಬಿ, ಹಾರ್ಡ್ ಡಿಸ್ಕ್ 100 ಶೇಕಡಾ ತೋರಿಸುತ್ತಾ ಕೂತಿತು. ಸಮಸ್ಯೆ ಮೊದಲು ಅಲ್ಲಿ. ಅದಕ್ಕೆ ಯಾವ ಗ್ರಾಫಿಕ್ಸ್ ಕಾರ್ಡೂ ಮದ್ದಲ್ಲ.

ಇಷ್ಟೆಲ್ಲ ಹೇಳಿ ನಾನು ಗೆದ್ದೆ ಅಂದುಕೊಂಡಿದ್ದೆ. ಹುಡುಗ ಬಿಡಲಿಲ್ಲ. "ಆದ್ರೆ ಟೀಚರ್, ಬ್ಲೆಂಡರ್ ಸ್ಲೋ ಆಗುದಲ್ಲ, ಓಪನ್ನೇ ಆಗುದಿಲ್ಲ." ಅವನು ಹೇಳಿದ್ದು ಸರಿ. ಚಿತ್ರ ಬಿಡಿಸಲು ತಂತ್ರಾಂಶ ಗ್ರಾಫಿಕ್ಸ್ ಘಟಕದ ಜೊತೆ ಮಾತಾಡುವ ಭಾಷೆಗೆ ಓಪನ್‌ಜಿಎಲ್ ಎನ್ನುತ್ತಾರೆ. ಬ್ಲೆಂಡರ್ 4.0ಕ್ಕೆ ಓಪನ್‌ಜಿಎಲ್ 4.3 ಬೇಕು. ಎಚ್‌ಡಿ 2000ಕ್ಕೆ ವಿಂಡೋಸ್‌ನಲ್ಲಿ ಬರುವುದು 3.1ರ ವರೆಗೆ. ಇಲ್ಲಿ ವೇಗದ ಮಾತೇ ಇಲ್ಲ, ಭಾಷೆಯೇ ತಿಳಿಯದು. ಈ ಜಾಗದಲ್ಲಿ ನಾನು ನಗಾಡಿದ ಆ ಅಗ್ಗದ ಜಿಟಿ 710 ಗೆಲ್ಲುತ್ತದೆ, ಅದಕ್ಕೆ 4.6 ಬರುತ್ತದೆ. ಆದರೆ ಅದರ ಪೀಳಿಗೆಗೆ ಹೊಸ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ ನಿಲ್ಲಿಸಿದೆ, ನೆನಪಿರಲಿ. ನಿಮ್ಮದು ಇನ್ನೂ ಹಳೆಯ ಕೋರ್ 2 ಡುವೋ ಆದರೆ ಕಾರ್ಡ್ ಹಾಕಿದರೂ ಬ್ಲೆಂಡರ್ 4.2 ಓಡದು. ಅದು ಪ್ರೊಸೆಸರಿನಲ್ಲೇ ಎಸ್‌ಎಸ್‌ಇ 4.2 ಎಂಬ ಆದೇಶಗಳನ್ನು ಕೇಳುತ್ತದೆ, ಕೋರ್ 2 ಡುವೋದಲ್ಲಿ ಅವು ಇಲ್ಲ.

ಕಾರ್ಡ್ ಕೊಳ್ಳುವ ಮೊದಲು ಇನ್ನೊಂದು ದಾರಿ ಇತ್ತು. ಅದೇ ಎಚ್‌ಡಿ 2000 ಚಿಪ್ ಲಿನಕ್ಸ್‌ನಲ್ಲಿ ಓಪನ್‌ಜಿಎಲ್ 3.3 ಮಾತಾಡುತ್ತದೆ. ಚಿಪ್ ಒಂದೇ, ಡ್ರೈವರ್ ಬರೆದವರು ಬೇರೆ. ನಮ್ಮ ಕೇರಳದ ಶಾಲೆಗಳಲ್ಲಿ ಕೈಟ್ ಕೊಟ್ಟ ಲಿನಕ್ಸ್ ಇದ್ದೇ ಉಂಟು. ಸೊಲ್ಲಾಪುರ, ಹೊಸೂರು ಕಡೆಯ ಮಕ್ಕಳು ಉಬುಂಟು ಹಾಕಿಕೊಂಡರೂ ಆದೀತು, ಇದಕ್ಕೆ ಬುಡವೂ ಅದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಹಾಗಾಗಿ ಹೇಗೂ ಲಿನಕ್ಸ್ ಕಡೆಗೆ ಹೊರಳುವ ಕಾಲ. ನನ್ನ ಮನೆಯ ಸತ್ತ ಕಂಪ್ಯೂಟರಿನ 4 ಜಿಬಿ ಕಡ್ಡಿಯನ್ನು ಖಾಲಿ ಜಾಗಕ್ಕೆ ಒತ್ತಿ, ಲಿನಕ್ಸ್ ಹಾಕಿ, 2020ರ ಬ್ಲೆಂಡರ್ 2.83 ಇಳಿಸಿದೆವು. ತೆರೆಯಿತು. ತಿರುಗಿಸುವಾಗ ಸ್ವಲ್ಪ ಎಳೆದಾಡಿತು, ಆದರೂ ಹುಡುಗನ ಮುಖ ನೋಡಬೇಕಿತ್ತು.

ಮತ್ತೆ ಅವನೇ ಒಂದು ಕೊರತೆ ಹುಡುಕಿದ. ಶಿಬಿರದಲ್ಲಿ ಹೊಸ ಆವೃತ್ತಿಯಲ್ಲಿ ಮಾಡಿದ ಫೈಲು ಇದರಲ್ಲಿ ಸರಿಯಾಗಿ ತೆರೆಯಲಿಲ್ಲ. ಇದು ಕಾರ್ಡ್ ಕೊಳ್ಳಲು ನಿಜವಾದ ಕಾರಣ, ನಾನು ಒಪ್ಪುತ್ತೇನೆ. "ಎಲ್ಲ ಸರಿಯಾಗ್ತದೆ" ಎಂಬುದಕ್ಕಿಂತ ಇದು ಬೇರೆಯೇ ಕಾರಣ. ಈಗ ಅವನಿಗೆ ಏನು ಬೇಕು, ಯಾಕೆ ಬೇಕು ಎಂಬುದು ಒಂದೇ ವಾಕ್ಯದಲ್ಲಿ ಹೇಳಲು ಬರುತ್ತದೆ.

ಡಬ್ಬಿಯ ಹಣದಲ್ಲಿ ಮೊದಲು ಒಂದು ಚಿಕ್ಕ ಎಸ್‌ಎಸ್‌ಡಿ ತಂದಿದ್ದಾನೆ. ಎಚ್61 ಬೋರ್ಡಿನ ಸಾಟಾ ದಾರಿ ಸೆಕೆಂಡಿಗೆ 300 ಮೆಗಾಬೈಟಿಗಿಂತ ಹೆಚ್ಚು ಬಿಡುವುದಿಲ್ಲ, ಹಾಗಾಗಿ ದುಬಾರಿಯದ್ದು ಬೇಡ ಎಂದು ಅವನೇ ಲೆಕ್ಕ ಹಾಕಿದ. ಮುಂದೆ ಕಂಪ್ಯೂಟರ್ ಬದಲಾಯಿಸಿದರೂ ಅದನ್ನು ಕಿತ್ತು ಅದಕ್ಕೆ ಹಾಕಬಹುದು. ಉಳಿದ ಹಣ ಡಬ್ಬಿಯಲ್ಲೇ ಉಂಟು. ಬೇಸಿಗೆ ರಜೆಯಲ್ಲಿ ಮಾವನ ಜೊತೆ ಮಂಗಳೂರಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ಜಿಟಿ 1030 ಸಿಗ್ತದಾ ನೋಡುವ ಅಂತ ಹೇಳಿದ್ದಾನೆ. ಜಿಡಿಡಿಆರ್5 ಅಲ್ಲದಿದ್ದರೆ ಬಸ್ಸು ಹತ್ತಿ ವಾಪಸ್ ಬರ್ತಾನಂತೆ.